ಲಾಲ್‌ಬಾಗ್ ಬಂಡೆಯಿಂದ ಬಸವನಗುಡಿಯ ಗುಡ್ಡಗಳವರೆಗೆ: ನಡೆದು ನೋಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಲಾಲ್‌ಬಾಗಿಗೆ ಬರುವವರಲ್ಲಿ ಹೆಚ್ಚಿನವರು ಗಾಜಿನ ಮನೆ ನೋಡಿ, ಬಂಡೆ ಹತ್ತಿ, ಕೆಂಪೇಗೌಡರ ಗೋಪುರದ ಮುಂದೆ ಫೋಟೊ ತೆಗೆಸಿಕೊಂಡು ಇಳಿದುಬಿಡುತ್ತಾರೆ. ಗೋಪುರ ನಿಂತಿರುವ ಬಂಡೆಯನ್ನು ಬಗ್ಗಿ ನೋಡುವವರು ಕಡಿಮೆ. ಈ ಊರಿನ ಕೆರೆಗಳು ಯಾಕೆ ಅಲ್ಲಲ್ಲೇ ಇವೆ, ಹಳೆಯ ಗುಡಿಗಳು ಯಾಕೆ ದಿಣ್ಣೆಗಳ ಮೇಲಿವೆ ಎಂಬುದಕ್ಕೆಲ್ಲ ಉತ್ತರ ಆ ಕಲ್ಲಿನಲ್ಲೇ ಇದೆ. ನಡಿಗೆಗೆ ಬಂದವರು ಕೇಳಿದ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಕೂಡಿಸಿದ್ದೇನೆ. ಮೊದಲು ಹೋಗಿಬರುವ ವಿಷಯ, ಆಮೇಲೆ ದೂರದ ನಡಿಗೆ, ಕೊನೆಗೆ ಕಲ್ಲಿನ ಸಂಗತಿ.

## ಹೊರಡುವ ಮುಂಚೆ

ಊರ ನಡುವಿನ ಒಂದು ಬಂಡೆ ಹತ್ತುವುದನ್ನು ಚಾರಣ ಅಂತ ಕರೆಯೋದಾ?

ಬಂಡೆಯೊಂದನ್ನೇ ಹತ್ತಿ ಇಳಿದರೆ ಅದು ವಾಯುವಿಹಾರ. ಬುಡದಿಂದ ಗೋಪುರಕ್ಕೆ ಹತ್ತು ನಿಮಿಷವೂ ಬೇಡ. ಆದರೆ ಅಲ್ಲಿಂದ ಬಸವನಗುಡಿ, ಕಹಳೆ ಬಂಡೆ, ಗವಿಪುರ, ಹರಿಹರ ಗುಡ್ಡ ದಾಟಿ ಕೆಂಪಾಂಬುಧಿ ಕೆರೆಯವರೆಗೆ ನಡೆದರೆ ಐದಾರು ಕಿಲೋಮೀಟರ್ ಆಗುತ್ತದೆ. ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು ಇದ್ದೇ ಇರುತ್ತದೆ. ಅರ್ಧ ದಿನ ಬೇಕು. ಕಾಲಿಗೆ ಕೆಲಸ ಸಿಕ್ಕಿತು ಅನ್ನಿಸದೆ ಇರುವುದಿಲ್ಲ.

ಯಾವ ಗೇಟಿನಿಂದ ಹೋದರೆ ಬಂಡೆ ಹತ್ತಿರ?

ಉತ್ತರದ ಮುಖ್ಯ ದ್ವಾರ ಮತ್ತು ಡಬಲ್ ರೋಡ್ ಕಡೆಯ ಪೂರ್ವ ದ್ವಾರ, ಎರಡೂ ಬಂಡೆಗೆ ಹತ್ತಿರ. ಗಾಡಿಯಲ್ಲಿ ಬರುವವರಿಗೆ ಡಬಲ್ ರೋಡ್ ಕಡೆ ಅನುಕೂಲ. ಮೆಟ್ರೊದಲ್ಲಿ ಬರುವವರು ಹಸಿರು ಮಾರ್ಗದ ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿದು ಪಶ್ಚಿಮ ದ್ವಾರದಿಂದ ಒಳಗೆ ಬಂದು, ತೋಟವನ್ನು ಅಡ್ಡ ಹಾಯ್ದು ಹೋಗಬೇಕು. ಹದಿನೈದು-ಇಪ್ಪತ್ತು ನಿಮಿಷದ ಹಾದಿ. ನನ್ನನ್ನು ಕೇಳಿದರೆ ಇದೇ ಒಳ್ಳೆಯದು. ಮರಗಳ ನೆರಳಿನಲ್ಲಿ ನಡೆದು ಬಂದು, ಇದ್ದಕ್ಕಿದ್ದಂತೆ ಬಯಲು ಬಂಡೆ ಎದುರಾದಾಗ ಅದರ ಗಾತ್ರ ಸರಿಯಾಗಿ ಗೊತ್ತಾಗುತ್ತದೆ. ಜಯನಗರದ ಕಡೆಯವರಿಗೆ ದಕ್ಷಿಣ ದ್ವಾರ ಇದೆ. ಅಲ್ಲಿಂದ ಕೆರೆಯ ಬದಿ ಹಿಡಿದು ಬರಬಹುದು.

ಟಿಕೆಟ್ ಇದೆಯಾ? ಎಷ್ಟು ಹೊತ್ತಿಗೆ ಬಾಗಿಲು ತೆಗೀತಾರೆ?

ಬೆಳಿಗ್ಗೆ 6ಕ್ಕೆ ತೆಗೆದು ಸಂಜೆ 7ಕ್ಕೆ ಮುಚ್ಚುತ್ತಾರೆ. ಬೆಳಗಿನ ನಡಿಗೆಯ ಹೊತ್ತಿನಲ್ಲಿ ಬರುವವರಿಗೆ ಟಿಕೆಟ್ ಇಲ್ಲ, ಹೊತ್ತೇರಿದ ಮೇಲೆ ಗೇಟಿನಲ್ಲಿ ತೆಗೆದುಕೊಳ್ಳಬೇಕು. ದೊಡ್ಡ ಕ್ಯಾಮೆರಾ ಹೆಗಲಿಗಿದ್ದರೆ ಅದಕ್ಕೆ ಬೇರೆ ಶುಲ್ಕ ಕೇಳುತ್ತಾರೆ. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನದ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ದರವೂ ಬೇರೆ, ಜನಸಂದಣಿಯೂ ಬೇರೆ. ಬಂಡೆ ನೋಡುವ ಆಸೆಯಿದ್ದರೆ ಆ ದಿನಗಳನ್ನು ಬಿಟ್ಟುಬಿಡಿ.

ಬಂಡೆಯ ಮೇಲಿಂದ ಸೂರ್ಯೋದಯ ನೋಡಬಹುದಾ?

ಚಳಿಗಾಲದಲ್ಲಿ ನೋಡಬಹುದು. ಬೇಸಿಗೆಯಲ್ಲಿ ಆಗುವುದಿಲ್ಲ. ಲೆಕ್ಕ ಸುಲಭ: ಬಾಗಿಲು ತೆಗೆಯುವುದು 6 ಗಂಟೆಗೆ. ಜನವರಿಯಲ್ಲಿ ಬೆಂಗಳೂರಿನಲ್ಲಿ ಸೂರ್ಯ ಹುಟ್ಟುವುದು 6.45ರ ಆಸುಪಾಸು. ನಿಧಾನವಾಗಿ ನಡೆದು ಹತ್ತಿ ಕೂರುವಷ್ಟು ಸಮಯ ಸಿಗುತ್ತದೆ. ಮೇ ಕೊನೆ, ಜೂನ್ ಮೊದಲಿಗೆ 6 ಗಂಟೆಗೆ ಮುಂಚೆಯೇ ಸೂರ್ಯ ಮೇಲೆ ಬಂದಿರುತ್ತಾನೆ. ಆದ್ದರಿಂದ ನವೆಂಬರಿನಿಂದ ಫೆಬ್ರವರಿವರೆಗೆ ಬನ್ನಿ. ಮಂಜು ಕವಿದ ದಿನ ಸೂರ್ಯ ಕಾಣದೆ ಹೋದರೂ ಮರಗಳ ತಲೆಯ ಮೇಲೆ ಮಂಜು ಸರಿಯುವುದನ್ನು ನೋಡಬಹುದು.

ಸೂರ್ಯಾಸ್ತ ವರ್ಷವಿಡೀ ಸಿಗುತ್ತದೆ. ನವೆಂಬರ್ ಕೊನೆಗೆ 5.50ರ ಹೊತ್ತಿಗೇ ಮುಳುಗುವುದರಿಂದ ಆರಾಮವಾಗಿ ಇಳಿಯಬಹುದು. ಜುಲೈಯಲ್ಲಿ 6.50ರ ಸುಮಾರಿಗೆ ಮುಳುಗುತ್ತದೆ, ಅಷ್ಟರಲ್ಲಿ ಕಾವಲುಗಾರರ ಸೀಟಿ ಶುರುವಾಗಿರುತ್ತದೆ.

ಅಮ್ಮನಿಗೆ ಎಪ್ಪತ್ತು ದಾಟಿದೆ, ಮಂಡಿನೋವು ಬೇರೆ. ಕರಕೊಂಡು ಬರಬಹುದಾ?

ಧಾರಾಳವಾಗಿ ಕರೆದುಕೊಂಡು ಬನ್ನಿ, ಆದರೆ ತುದಿಯವರೆಗೆ ಹತ್ತಲೇಬೇಕೆಂದು ಒತ್ತಾಯ ಮಾಡಬೇಡಿ. ಇಳಿಜಾರು ಸೌಮ್ಯವಾಗಿದೆ, ಆದರೆ ಬಂಡೆಯ ಮೈಮೇಲೆ ಹಿಡಿದುಕೊಳ್ಳಲು ಏನೂ ಇಲ್ಲ. ಮಂಡಿನೋವಿರುವವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಅರ್ಧ ಹತ್ತಿ ಕುಳಿತರೂ ನೋಟಕ್ಕೆ ಅಂಥ ಕೊರತೆಯಿಲ್ಲ. ಇಳಿಯುವಾಗ ಪಕ್ಕದಲ್ಲಿ ನಿಲ್ಲದೆ ಒಂದು ಹೆಜ್ಜೆ ಮುಂದೆ, ಕೆಳಗಡೆ ನಿಂತು ಕೈ ಕೊಡಿ.

ಏನು ಹಾಕಿಕೊಂಡು, ಏನು ತೆಗೆದುಕೊಂಡು ಬರಬೇಕು?

ಹಿಡಿತ ಇರುವ ಶೂ. ಸವೆದ ಹವಾಯಿ ಚಪ್ಪಲಿ ಬೇಡವೇ ಬೇಡ. ತಲೆಗೆ ಟೋಪಿ ಅಥವಾ ಟವೆಲ್ಲು, ಏಕೆಂದರೆ ಮೇಲೆ ನೆರಳಿಲ್ಲ. ನೀರನ್ನು ಸ್ಟೀಲ್ ಬಾಟಲಿಯಲ್ಲಿ ತನ್ನಿ, ತೋಟದೊಳಗೆ ಪ್ಲಾಸ್ಟಿಕ್ಕಿಗೆ ನಿಷೇಧವಿದೆ. ತಿಂಡಿಯ ಡಬ್ಬಿಯನ್ನು ಬಂಡೆಯ ಮೇಲೆ ಬಿಚ್ಚಬೇಡಿ. ಚೆಲ್ಲಿದ ಅನ್ನಕ್ಕೆ ನಾಯಿ, ಕಾಗೆ ಬರುತ್ತವೆ, ಎಣ್ಣೆಯ ಕಲೆ ಕಲ್ಲಿನಲ್ಲಿ ಬಹಳ ದಿನ ಉಳಿಯುತ್ತದೆ.

## ಬಂಡೆಯ ಮೇಲೆ

ಮೇಲಿಂದ ಏನೇನು ಕಾಣುತ್ತೆ?

ಗೋಪುರದ ಸುತ್ತ ನಿಧಾನವಾಗಿ ಒಂದು ಸುತ್ತು ಬನ್ನಿ. ದಕ್ಷಿಣಕ್ಕೆ ಲಾಲ್‌ಬಾಗಿನ ಮರಗಳ ನೆತ್ತಿ. 240 ಎಕರೆ ತೋಟವನ್ನು ನೆಲದಲ್ಲಿ ನಿಂತು ನೋಡಿದವರಿಗೆ ಅದು ಇಷ್ಟು ದಟ್ಟವೆಂದು ಗೊತ್ತಿರುವುದಿಲ್ಲ. 1760ರಲ್ಲಿ ಹೈದರಾಲಿ ಶುರು ಮಾಡಿಸಿ, ಟಿಪ್ಪು ಮುಂದುವರಿಸಿ, ಆಮೇಲೆ ತೋಟದ ಉಸ್ತುವಾರಿ ಹೊತ್ತ ಕ್ರುಂಬಿಗಲ್, ಜವರಾಯ, ಮರಿಗೌಡ ಅವರಂಥವರು ಬೆಳೆಸಿದ ಹಸಿರು ಅದು. ಉತ್ತರಕ್ಕೆ ಪೇಟೆಯಾಚೆ ಎದ್ದಿರುವ ಎತ್ತರದ ಕಟ್ಟಡಗಳು, ಪಶ್ಚಿಮಕ್ಕೆ ಬಸವನಗುಡಿಯ ದಿಣ್ಣೆ. ತಲೆಯ ಮೇಲೆ ಹದ್ದುಗಳು ತಿರುಗುತ್ತಿರುತ್ತವೆ. ಬಿಸಿಲಿಗೆ ಕಾದ ಬಂಡೆಯಿಂದ ಏಳುವ ಗಾಳಿಯಲ್ಲಿ ಅವು ರೆಕ್ಕೆ ಬಡಿಯದೆ ಮೇಲೇರುವುದನ್ನು ನೋಡುತ್ತ ಕೂರಬಹುದು.

ನೋಟ ಸ್ವಚ್ಛವಾಗಿ ಸಿಗುವುದು ರಾತ್ರಿ ಮಳೆ ಬಿದ್ದ ಮರುದಿನ ಬೆಳಿಗ್ಗೆ. ಹಿಂಗಾರು ಮಳೆಯ ತಿಂಗಳುಗಳಲ್ಲಿ ಇಂಥ ಬೆಳಗುಗಳು ಹೆಚ್ಚು.

ಗೋಪುರದ ಒಳಗೆ ಹತ್ತಬಹುದಾ?

ಇಲ್ಲ. ಅದು ಒಳಗಿನಿಂದ ಹತ್ತುವ ಗೋಪುರವಲ್ಲ, ಕಂಬಗಳ ಪುಟ್ಟ ಮಂಟಪದ ಮೇಲೆ ಕಟ್ಟಿದ ಸಣ್ಣ ಗೋಪುರ. ಕಂಬಕ್ಕೆ ಒರಗುವುದು, ಮಕ್ಕಳನ್ನು ಎತ್ತಿ ಮೇಲೆ ಕೂರಿಸುವುದು, ಹೆಸರು ಕೆತ್ತುವುದು ಇವನ್ನೆಲ್ಲ ದಯವಿಟ್ಟು ಮಾಡಬೇಡಿ. ನಾಲ್ಕು ಶತಮಾನದ ಆಸುಪಾಸಿನ ಕಟ್ಟಡದ ಮೇಲೆ ನಿಮ್ಮ ಹೆಸರು ಬರೆಯುವ ಹಕ್ಕು ಯಾರಿಗೂ ಇಲ್ಲ.

ಮಳೆಗಾಲದಲ್ಲಿ ಬಂಡೆ ಜಾರುತ್ತದಾ? ಬೇಸಿಗೆಯಲ್ಲಿ?

ಒಣಗಿದ ಬಂಡೆ ಕಾಲಿಗೆ ಚೆನ್ನಾಗಿ ಹಿಡಿತ ಕೊಡುತ್ತದೆ. ಒದ್ದೆಯಾದರೆ ನೀರು ಹರಿದ ಕಪ್ಪು ಪಟ್ಟೆಗಳ ಮೇಲೆ ಕಾಲಿಡಬೇಡಿ, ಅಲ್ಲಿ ಪಾಚಿ ಇರುತ್ತದೆ. ತಿಳಿಬಣ್ಣದ ಒರಟು ಭಾಗ ನೋಡಿಕೊಂಡು ಹೆಜ್ಜೆ ಹಾಕಿ.

ಜಾರುವುದಕ್ಕಿಂತ ಹೆಚ್ಚು ಎಚ್ಚರ ಬೇಕಾಗಿರುವುದು ಸಿಡಿಲಿಗೆ. ಏಪ್ರಿಲ್-ಮೇ ತಿಂಗಳ ಸಂಜೆ ಮಳೆಗಳಲ್ಲಿ, ಮತ್ತೆ ಸೆಪ್ಟೆಂಬರ್-ಅಕ್ಟೋಬರಿನಲ್ಲಿ, ಗುಡುಗು ಕೇಳಿದ ಕೂಡಲೇ ಇಳಿಯಿರಿ. ಬಯಲು ಬಂಡೆಯ ಮೇಲೆ ಸುತ್ತಲಿಗಿಂತ ಎತ್ತರದಲ್ಲಿರುವುದು ನೀವೇ. ಗೋಪುರದ ಮಂಟಪದೊಳಗೆ ನಿಂತರೆ ಸಾಕು ಎಂದುಕೊಳ್ಳಬೇಡಿ, ಒಂಟಿ ಮರದ ಕೆಳಗೂ ನಿಲ್ಲಬೇಡಿ. ಗಟ್ಟಿ ಕಟ್ಟಡದೊಳಗೆ ಹೋಗಿ. ಬೇಸಿಗೆಯ ನಡುಹಗಲು ಹತ್ತಲೇಬೇಡಿ. ಹಗಲಿಡೀ ಕಾದ ಕಲ್ಲು ಸಂಜೆ 5ರವರೆಗೂ ಬಿಸಿ ಉಗುಳುತ್ತಿರುತ್ತದೆ.

ಹತ್ತಿರದಲ್ಲಿ ತಿಂಡಿಗೆ ಎಲ್ಲಿ?

ಮುಖ್ಯ ದ್ವಾರದ ಕಡೆ ಇಳಿದರೆ ಲಾಲ್‌ಬಾಗ್ ರಸ್ತೆಯ ಎಂಟಿಆರ್, ಸೋಮವಾರ ರಜೆ. ಬಸವನಗುಡಿ ಕಡೆ ನಡೆದರೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ, ಶುಕ್ರವಾರ ರಜೆ. ವಾರಾಂತ್ಯದಲ್ಲಿ ಎರಡು ಕಡೆಯೂ ಕಾಯಬೇಕು.

## ಇನ್ನೂ ನಡೆಯುವವರಿಗೆ

ಲಾಲ್‌ಬಾಗಿನಿಂದ ಮುಂದೆ ಯಾವ ದಾರಿ ಹಿಡಿಯಬೇಕು?

ಪಶ್ಚಿಮ ದ್ವಾರದಿಂದ ಹೊರಬಂದು ಗಾಂಧಿ ಬಜಾರ್. ಅಲ್ಲಿಂದ ಬುಲ್ ಟೆಂಪಲ್ ರಸ್ತೆ ಹಿಡಿದು ಏರಿದರೆ ದೊಡ್ಡ ಗಣಪತಿ, ದೊಡ್ಡ ಬಸವ, ಪಕ್ಕದಲ್ಲೇ ಕಹಳೆ ಬಂಡೆಯ ಉದ್ಯಾನ. ಬಸವಣ್ಣನ ವಿಗ್ರಹ ಸುಮಾರು 15 ಅಡಿ ಎತ್ತರ, 20 ಅಡಿ ಉದ್ದ. ಕಾರ್ತಿಕ ಮಾಸದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆಯ ಹೊತ್ತಿಗೆ ಬಂದರೆ ನಡೆಯಲು ಜಾಗವಿರುವುದಿಲ್ಲ, ಆದರೆ ಆ ಸಂಭ್ರಮ ನೋಡುವಂಥದ್ದೇ. ಕಹಳೆ ಬಂಡೆಯಲ್ಲಿ ಡಿವಿಜಿ ಅವರ ಪ್ರತಿಮೆ ಇದೆ. ಲಾಲ್‌ಬಾಗಿನಲ್ಲಿ ನೋಡಿದ ಕಲ್ಲೇ ಇಲ್ಲಿ ಮತ್ತೆ ತಲೆಯೆತ್ತಿದೆ. ಅಲ್ಲಿ ಒಂದೇ ಹಾಸು, ಇಲ್ಲಿ ಮರಗಳ ನಡುವೆ ಬಿಡಿಬಿಡಿ ಗುಂಡುಗಳು.

ಅದೇ ರಸ್ತೆಯ ರಾಮಕೃಷ್ಣ ಮಠದ ಆವರಣದಲ್ಲಿ ಇನ್ನೊಂದು ಬಂಡೆಯಿದೆ. 1911ರಲ್ಲಿ ಬೆಂಗಳೂರಿಗೆ ಬಂದಿದ್ದ ಶಾರದಾದೇವಿಯವರು ಅದರ ಮೇಲೆ ಕುಳಿತು ಧ್ಯಾನ ಮಾಡಿದ್ದರು. ಮಠದ ಸಮಯ ನೋಡಿಕೊಂಡು ಹೋಗಿ, ಮೌನವಾಗಿರಿ.

ಅಲ್ಲಿಂದ ಗವಿಪುರದ ಕಡೆಗೆ ಇಳಿಜಾರು. ಗವಿ ಗಂಗಾಧರೇಶ್ವರ ಗುಡಿಯನ್ನು ಬಂಡೆಯ ಗವಿಯೊಳಗೆ ಮಾಡಿದ್ದಾರೆ. ಅಂಗಳದಲ್ಲಿ ಸೂರ್ಯಪಾನ, ಚಂದ್ರಪಾನ ಎಂಬ ಕಲ್ಲಿನ ದುಂಡು ಫಲಕಗಳು, ಕಲ್ಲಿನ ತ್ರಿಶೂಲ, ಡಮರುಗ ನಿಂತಿವೆ. ಮಕರ ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟುತ್ತದೆ. ಸ್ವಲ್ಪ ಆಚೆಗೆ ಹರಿಹರೇಶ್ವರ ಗುಡ್ಡ. ಮೇಲೆ ಕಲ್ಲಿನ ಛತ್ರಿ, ಸುತ್ತ ಊರು. ಈ ಇಡೀ ನಡಿಗೆಯಲ್ಲಿ ಸಂಜೆಯ ನೋಟಕ್ಕೆ ನಾನು ಆರಿಸುವುದು ಇದನ್ನೇ. ಲಾಲ್‌ಬಾಗಿನಷ್ಟು ಜನವಿಲ್ಲ, ಪಶ್ಚಿಮ ದಿಕ್ಕು ತೆರೆದುಕೊಂಡಿದೆ. ಗುಡ್ಡ ಇಳಿದರೆ ಕೆಂಪಾಂಬುಧಿ ಕೆರೆ. ಅದರ ದಂಡೆಯಲ್ಲಿ ಲಾಲ್‌ಬಾಗಿನದರಂಥ ಇನ್ನೊಂದು ಗೋಪುರವಿದೆ (ಹಳೆಯ ಊರಿನ ನಾಲ್ಕು ದಿಕ್ಕಿನ ಈ ಕೆಂಪೇಗೌಡ ಗೋಪುರಗಳನ್ನು ಗಡಿಗೋಪುರ ಎನ್ನುತ್ತಾರೆ), ಅಂದರೆ ಗೋಪುರದಿಂದ ಹೊರಟು ಗೋಪುರಕ್ಕೇ ಬಂದು ಸೇರಿದಿರಿ. ಮರಳಿ ಹೋಗಲು ಬಸ್ಸು, ಆಟೊ ಸಿಗುತ್ತವೆ. ಮೆಟ್ರೊ ಬೇಕಾದವರು ನ್ಯಾಷನಲ್ ಕಾಲೇಜು ನಿಲ್ದಾಣಕ್ಕೆ ಹೋಗಬೇಕು.

ಗುಡಿಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ. ಬೆಳಿಗ್ಗೆ ಲಾಲ್‌ಬಾಗಿನಲ್ಲಿ 6.30ಕ್ಕೆ ಹೊರಟರೆ ತಿಂಡಿಯೂ ಸೇರಿ ಹನ್ನೊಂದರೊಳಗೆ ಗವಿಪುರ ಮುಟ್ಟಬಹುದು.

ನಾಲ್ಕೂ ಗಡಿಗೋಪುರಗಳನ್ನು ಒಂದೇ ದಿನದಲ್ಲಿ ನಡೆದು ಮುಗಿಸಬಹುದಾ?

ಲಾಲ್‌ಬಾಗ್, ಕೆಂಪಾಂಬುಧಿ, ಹಲಸೂರು ಕೆರೆ, ಮೇಖ್ರಿ ವೃತ್ತದ ಬಳಿಯ ಉದ್ಯಾನ: ಇವಿಷ್ಟನ್ನು ಪೋಣಿಸಿದರೆ ಇಪ್ಪತ್ತು ಕಿಲೋಮೀಟರಿನ ಹತ್ತಿರ ಆಗುತ್ತದೆ. ಗಟ್ಟಿ ಕಾಲಿನವರಿಗೆ ಅಸಾಧ್ಯವಲ್ಲ. ಆದರೆ ಹಲಸೂರಿನಿಂದ ಮೇಖ್ರಿ ವೃತ್ತಕ್ಕೆ ಹೋಗುವ ದಾರಿಯಲ್ಲಿ ವಾಹನಗಳ ಹೊಗೆ ಕುಡಿಯುವುದೇ ಹೆಚ್ಚು. ಎರಡು ಭಾನುವಾರಕ್ಕೆ ಹಂಚಿಕೊಳ್ಳಿ: ಒಂದು ದಿನ ದಕ್ಷಿಣ ಮತ್ತು ಪಶ್ಚಿಮದ ಗೋಪುರಗಳನ್ನು ನಡೆದು, ಇನ್ನೊಂದು ದಿನ ಪೂರ್ವ ಮತ್ತು ಉತ್ತರದ್ದನ್ನು ಬಸ್ಸಿನಲ್ಲಿ.

ಊರು ಈ ಗೋಪುರ ದಾಟಿ ಬೆಳೆಯಬಾರದು ಅಂತ ಕೆಂಪೇಗೌಡರು ಹೇಳಿದ್ದು ನಿಜವಾ?

ಅದು ಐತಿಹ್ಯ. ಊರು ಇಷ್ಟರವರೆಗೆ ಬೆಳೆಯುತ್ತದೆ ಎಂದು ಗುರುತು ಹಾಕಿದರು ಅಂತ ಒಂದು ಮಾತು, ದಾಟಿದರೆ ಕೇಡು ಅಂತ ಇನ್ನೊಂದು. ಬೆಂಗಳೂರು ಪೇಟೆಯನ್ನು ಕಟ್ಟಿಸಿದವರು 1537ರಲ್ಲಿ ಹಿರಿಯ ಕೆಂಪೇಗೌಡರು, ಗೋಪುರಗಳನ್ನು ಕಟ್ಟಿಸಿದವರು ಅವರ ಮಗ ಇಮ್ಮಡಿ ಕೆಂಪೇಗೌಡರು ಎಂಬುದು ರೂಢಿಯಲ್ಲಿರುವ ಮಾತು.

ನಾಲ್ಕೂ ಜಾಗಗಳನ್ನು ಕಾಲಿನಿಂದ ನೋಡಿದವರಿಗೆ ಒಂದು ವಿಷಯ ಹೊಳೆಯುತ್ತದೆ. ಎರಡು ಗೋಪುರಗಳು ಎತ್ತರದ ನೆಲದಲ್ಲಿವೆ, ಇನ್ನೆರಡು ದೊಡ್ಡ ಕೆರೆಗಳ ದಂಡೆಯಲ್ಲಿವೆ. ದೂರ ನೋಡಲು ಎತ್ತರ ಬೇಕು, ಪೇಟೆ ಬದುಕಲು ನೀರು ಬೇಕು. ಇವೆರಡನ್ನೂ ಕಾಯುವ ಜಾಗಗಳಿವು. ಕಾವಲಿಗೆಂದು ಕಟ್ಟಿದ್ದನ್ನು ಮುಂದಿನ ತಲೆಮಾರು ಗಡಿಯೆಂದು ಕರೆದಿರಬಹುದು ಎಂದು ನನಗನ್ನಿಸುತ್ತದೆ.

## ಕಲ್ಲಿನ ಸಂಗತಿ

ಬಂಡೆಗೆ 300 ಕೋಟಿ ವರ್ಷ ಅಂತಾರೆ, ಅಷ್ಟು ಹಳೆಯದಾ?

ಹೌದು, ಸುಮಾರು ಅಷ್ಟೇ. ಇದು ಪೆನಿನ್ಸುಲಾರ್ ನೈಸ್ ಎಂಬ ಶಿಲೆ. ದಕ್ಷಿಣ ಭಾರತದ ದೊಡ್ಡ ಭಾಗದ ತಳಪಾಯ ಇದೇ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಡಬ್ಲ್ಯು. ಎಫ್. ಸ್ಮೀತ್ 1916ರಲ್ಲಿ ಈ ಹೆಸರು ಬಳಸಿದರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಲಾಲ್‌ಬಾಗ್ ಬಂಡೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ, ಅದರ ಫಲಕ ಅಲ್ಲೇ ಇದೆ. ನಿಂತು ಓದಿ.

ಭಾರತದ ನೆಲ ಏಷ್ಯಾಕ್ಕೆ ಡಿಕ್ಕಿ ಹೊಡೆದು ಹಿಮಾಲಯ ಏಳತೊಡಗಿದ್ದು ಸುಮಾರು 5 ಕೋಟಿ ವರ್ಷಗಳ ಹಿಂದೆ. ಈ ಬಂಡೆ ರೂಪುಗೊಂಡಾಗ ಭೂಮಿಯ ಮೇಲೆ ಇದ್ದದ್ದು ಸೂಕ್ಷ್ಮಜೀವಿಗಳು ಮಾತ್ರ. ಮರವಿಲ್ಲ, ಹುಲ್ಲಿಲ್ಲ, ಮೀನಿಲ್ಲ.

ಬಂಡೆಯಲ್ಲಿ ಕಪ್ಪು-ಬಿಳಿ ಪಟ್ಟೆ ಯಾಕಿದೆ?

ಬಿಳಿಯ, ನಸುಗುಲಾಬಿ ಪಟ್ಟೆಗಳಲ್ಲಿ ಬೆಣಚುಕಲ್ಲು ಮತ್ತು ಫೆಲ್ಡ್‌ಸ್ಪಾರ್. ಕಪ್ಪು ಪಟ್ಟೆಗಳಲ್ಲಿ ಕಪ್ಪು ಕಾಗೆಬಂಗಾರ, ಹಾರ್ನ್‌ಬ್ಲೆಂಡ್. ನೆಲದೊಳಗೆ ಬಹಳ ಆಳದಲ್ಲಿ, ವಿಪರೀತ ಕಾವು ಮತ್ತು ಒತ್ತಡಕ್ಕೆ ಸಿಕ್ಕಿ, ಕಲ್ಲು ಮೆತ್ತಗಾಗಿ ಬಾಗಿದಾಗ ಈ ಖನಿಜಗಳು ಬೇರೆಬೇರೆ ಸಾಲಾಗಿ ನಿಂತವು. ಕೆಲವು ಕಡೆ ಪಟ್ಟೆಗಳು ಮಡಚಿಕೊಂಡಿರುವುದು ಕಾಣುತ್ತದೆ. ಪಟ್ಟೆಗಳನ್ನು ಅಡ್ಡಡ್ಡ ಸೀಳಿಕೊಂಡು ಹೋದ ಬಿಳಿ ಗೆರೆಗಳು ಆಮೇಲೆ ಬಿರುಕುಗಳಿಗೆ ನುಗ್ಗಿದ ಕರಗಿದ ಶಿಲೆಯವು. ಯಾವ ಗೆರೆ ಯಾವುದನ್ನು ಕತ್ತರಿಸಿದೆ ಎಂದು ನೋಡಿದರೆ ಯಾವುದು ಮೊದಲು, ಯಾವುದು ಆಮೇಲೆ ಎಂದು ಮಕ್ಕಳೂ ಹೇಳಬಲ್ಲರು. ಬೆಳಗಿನ ಓರೆ ಬಿಸಿಲಿನಲ್ಲಿ, ಕಲ್ಲು ಸ್ವಲ್ಪ ತೇವವಾಗಿದ್ದಾಗ, ಇವೆಲ್ಲ ಸ್ಪಷ್ಟವಾಗಿ ಕಾಣುತ್ತವೆ.

ಅಷ್ಟು ಆಳದಲ್ಲಿದ್ದದ್ದು ಮೇಲೆ ಹೇಗೆ ಬಂತು? ಬಂಡೆಯ ಮೈ ಯಾಕೆ ಪದರಪದರವಾಗಿ ಎದ್ದಿದೆ?

ಮೇಲಿದ್ದ ಕಿಲೋಮೀಟರುಗಟ್ಟಲೆ ಕಲ್ಲು ಮಳೆ, ಬಿಸಿಲು, ಗಾಳಿಗೆ ಸವೆದು ಹೋಯಿತು. ಮೇಲಿನ ಭಾರ ಇಳಿದಂತೆಲ್ಲ ಕೆಳಗಿನ ಕಲ್ಲು ಸ್ವಲ್ಪ ಸ್ವಲ್ಪ ಹಿಗ್ಗಿ, ಮೈಗೆ ಸಮಾನವಾಗಿ ಬಿರುಕುಬಿಟ್ಟು, ಈರುಳ್ಳಿ ಸಿಪ್ಪೆಯಂತೆ ಪದರ ಬಿಡುತ್ತದೆ. ನಮ್ಮ ಕಡೆಯ ಕಲ್ಲುಕುಟಿಗರಿಗೆ ಈ ಗುಣ ಚೆನ್ನಾಗಿ ಗೊತ್ತಿತ್ತು. ಬಂಡೆಯ ಮೇಲೆ ಬೆಂಕಿ ಹಾಕಿ, ಕಾವು ಹರಡಿದಂತೆ ಬೆಂಕಿಯನ್ನು ಮುಂದೆ ಸರಿಸುತ್ತ, ಅಗಲವಾದ ಚಪ್ಪಡಿಗಳನ್ನು ಎಬ್ಬಿಸುತ್ತಿದ್ದರು. ಹಳೆಯ ಬೆಂಗಳೂರಿನ ಚರಂಡಿಯ ಮುಚ್ಚಳ, ಕಾಂಪೌಂಡಿನ ಕಲ್ಲು, ಬಟ್ಟೆ ಒಗೆಯುವ ಕಲ್ಲು ಎಲ್ಲ ಇಂಥ ಚಪ್ಪಡಿಗಳೇ.

ಬಂಡೆಗೂ ಕೆರೆಗೂ ಏನು ಸಂಬಂಧ?

ಈ ನಡಿಗೆಯ ತಿರುಳೇ ಇದು. ಬೆಂಗಳೂರಿಗೆ ದೊಡ್ಡ ನದಿಯಿಲ್ಲ, ಏಕೆಂದರೆ ಊರು ಕುಳಿತಿರುವುದು ನೀರು ಎರಡು ಕಡೆ ಹಂಚಿಹೋಗುವ ಏಣಿನ ಮೇಲೆ. ಲಾಲ್‌ಬಾಗ್ ಕೆರೆಯ ಕಡೆ ಬಿದ್ದ ಮಳೆ ಕೋರಮಂಗಲ ಕಣಿವೆ ಹಿಡಿದು ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿ ಸೇರುತ್ತದೆ. ಕೆಂಪಾಂಬುಧಿಯ ನೀರು ವೃಷಭಾವತಿಗೆ, ಅದು ಅರ್ಕಾವತಿಗೆ, ಅದು ಕಾವೇರಿಗೆ. ವೃಷಭಾವತಿ ಹುಟ್ಟುವುದು ದೊಡ್ಡ ಬಸವನ ಪಾದದಲ್ಲಿ ಎಂಬ ನಂಬಿಕೆಯೂ ಇದೆ. ಅಂದರೆ ಲಾಲ್‌ಬಾಗ್ ಕೆರೆಯಿಂದ ಕೆಂಪಾಂಬುಧಿಗೆ ನಡೆಯುವಾಗ ನೀವು ಎರಡು ನದಿಗಳ ನಡುವಿನ ಜಲವಿಭಾಜಕವನ್ನು ಕಾಲ್ನಡಿಗೆಯಲ್ಲೇ ದಾಟುತ್ತೀರಿ.

ಗಟ್ಟಿ ಬಂಡೆಯೊಳಗೆ ನೀರು ಸುಲಭವಾಗಿ ಇಂಗುವುದಿಲ್ಲ, ಜಾರಿ ತಗ್ಗಿಗೆ ಓಡುತ್ತದೆ. ಹಿರಿಯರು ಆ ತಗ್ಗುಗಳಿಗೆ ಏರಿ ಕಟ್ಟಿ, ಒಂದರ ಕೋಡಿಯ ನೀರು ಮುಂದಿನದಕ್ಕೆ ಹೋಗುವಂತೆ ಸರಪಳಿ ಮಾಡಿದರು. ದಿಣ್ಣೆಯ ಮೇಲೆ ಗುಡಿ, ತಗ್ಗಿನಲ್ಲಿ ಕೆರೆ. ಈಗ ತಗ್ಗುಗಳಲ್ಲಿ ಮನೆ ಕಟ್ಟಿಕೊಂಡಿದ್ದೇವೆ. ಜೋರು ಮಳೆಯಲ್ಲಿ ಯಾವ ರಸ್ತೆ ಮುಳುಗುತ್ತದೆ ಎಂದು ತಿಳಿಯಬೇಕಾದವರು ಈ ದಿಣ್ಣೆಗಳ ಮೇಲೆ ನಿಂತು ಇಳಿಜಾರು ಯಾವ ಕಡೆಗಿದೆ ಎಂದು ನೋಡಲಿ.

ಸಾವನದುರ್ಗ, ರಾಮನಗರದ ಬೆಟ್ಟಗಳೂ ಇದೇ ಕಲ್ಲಾ?

ಅಲ್ಲ. ಅವು ಕ್ಲೋಸ್‌ಪೇಟೆ ಗ್ರಾನೈಟ್, ಸುಮಾರು 250 ಕೋಟಿ ವರ್ಷದವು. ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯಿಂದಲೇ ಶಿಲೆಗೆ ಆ ಹೆಸರು ಬಂತು. ಅಲ್ಲಿ ನೈಸಿನ ಸಾಲು ಪಟ್ಟೆಗಳ ಬದಲು ದಪ್ಪ ದಪ್ಪ ಗುಲಾಬಿ, ಬೂದು ಹರಳುಗಳು ಕಾಣುತ್ತವೆ. ಲಾಲ್‌ಬಾಗ್ ನೋಡಿದ ಮುಂದಿನ ವಾರ ಸಾವನದುರ್ಗಕ್ಕೆ ಹೋದರೆ ವ್ಯತ್ಯಾಸ ಕಣ್ಣಿಗೇ ಹೊಡೆಯುತ್ತದೆ. 1,226 ಮೀಟರ್ ಎತ್ತರದ ಏಕಶಿಲೆಯ ಬೆಟ್ಟ ಅದು, ಲಾಲ್‌ಬಾಗಿನ ಅಂದಾಜಿನಲ್ಲಿ ಹೊರಡಬೇಡಿ. ನೀರು, ಜೊತೆಗಾರರು, ಬೆಳಗಿನ ಹೊತ್ತು, ಮೂರೂ ಬೇಕು.

ಮಗಳಿಗೆ ಶಾಲೆಯ ಪ್ರಾಜೆಕ್ಟ್ ಇದೆ. ಬಂಡೆಯಿಂದ ಒಂದು ಚೂರು ಕಲ್ಲು ತರಬಹುದಾ?

ಬೇಡ. ಚಿಕ್ಕ ಚೂರೂ ಬೇಡ. ಬಂಡೆಯ ಮೇಲೆ ಬರುವ ಮಕ್ಕಳಿಗೆ ಲೆಕ್ಕವಿಲ್ಲ, ಒಬ್ಬೊಬ್ಬರೂ ಒಂದೊಂದು ಚೂರು ಎಬ್ಬಿಸಿದರೆ ಅಂಚುಗಳು ಬೇಗ ಹಾಳಾಗುತ್ತವೆ. ಒಂದು ಭೂತಗನ್ನಡಿ, ಬಿಳಿ ಹಾಳೆ, ಪೆನ್ಸಿಲ್ ಕೊಟ್ಟು ಪಟ್ಟೆಗಳ ಚಿತ್ರ ಬರೆಸಿ. ಅಳತೆಗೆಂದು ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ಫೋಟೊ ತೆಗೆಯಿರಿ, ಭೂವಿಜ್ಞಾನಿಗಳು ಮಾಡುವುದೂ ಹೀಗೆಯೇ. ಕೈಯಲ್ಲಿ ಹಿಡಿಯಲು ಕಲ್ಲು ಬೇಕೇ ಬೇಕೆಂದರೆ ಮನೆಯ ಹತ್ತಿರ ಪಾಯ ಅಗೆಯುತ್ತಿರುವ ಕಡೆ ಮೇಸ್ತ್ರಿಯನ್ನು ಕೇಳಿ. ಬಂಡೆ ಸಿಕ್ಕಿ ಒಡೆಸಿದ ನಿವೇಶನವಾದರೆ ಇದೇ ನೈಸಿನ ಚೂರುಗಳು ರಾಶಿ ಬಿದ್ದಿರುತ್ತವೆ.